ಮೇವಿನ ಬೆಳೆಯಲ್ಲಿ ಕೀಟನಾಶಕ ಪರೀಕ್ಷೆ: ಐದೂವರೆ ಗುಂಟೆಯಲ್ಲಿ ಮಾಡುವ ಕ್ರಮ

ಹಾಸನದ ಕಡೆ ಮುಸುಕಿನ ಜೋಳದ ಸುಳಿಯಲ್ಲಿ ಹುಳು ಕಂಡ ದಿನವೇ ಔಷಧಿ ಅಂಗಡಿಗೆ ಹೋಗುವವರು ಹೆಚ್ಚು. ಅಂಗಡಿಯವರು ಕೊಟ್ಟದ್ದನ್ನು ಇಡೀ ಹೊಲಕ್ಕೆ ಹೊಡೆಯುತ್ತಾರೆ. ವಾರ ಬಿಟ್ಟು ನೋಡಿದಾಗ ಹುಳು ಕಡಿಮೆಯಾಗಿದ್ದರೆ ಔಷಧಿ ಚೆನ್ನಾಗಿದೆ, ಆಗದಿದ್ದರೆ ಔಷಧಿ ಡೂಪ್ಲಿಕೇಟು. ಈ ಎರಡು ತೀರ್ಮಾನವೂ ತಪ್ಪಾಗಿರಬಹುದು. ಆ ವಾರ ಜೋರು ಮಳೆ ಬಂದು ಸುಳಿಯಲ್ಲಿ ನೀರು ನಿಂತು ಮರಿಹುಳು ಸತ್ತಿರಬಹುದು. ಬಲಿತ ಹುಳು ಕೋಶವಾಗಲು ಮಣ್ಣಿಗೆ ಇಳಿದಿರಬಹುದು. ಪಕ್ಕದಲ್ಲಿ ಔಷಧಿ ಹೊಡೆಯದೆ ಬಿಟ್ಟ ಜಾಗ ಇಲ್ಲದಿದ್ದರೆ ಯಾವುದು ಔಷಧಿಯ ಕೆಲಸ, ಯಾವುದು ಮಳೆಯ ಕೆಲಸ ಎಂದು ಹೇಳಲು ದಾರಿಯೇ ಇರುವುದಿಲ್ಲ.

ಮೇವಿನ ಬೆಳೆಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ. ಕಾಳಿನ ಬೆಳೆಯಲ್ಲಿ ಎಲೆಗೆ ಬಿದ್ದ ಔಷಧಿ ಬಹುಪಾಲು ಎಲೆಯಲ್ಲೇ ಉಳಿಯುತ್ತದೆ, ನಾವು ತಿನ್ನುವುದು ಕಾಳು. ಮೇವಿನಲ್ಲಿ ಹಸು ತಿನ್ನುವುದು ಆ ಎಲೆಯನ್ನೇ. ಬೆಳಿಗ್ಗೆ ಹಾಕಿದ ಮೇವು ಸಂಜೆಯ ಹಾಲಿಗೂ ಮುಟ್ಟುತ್ತದೆ, ಆ ಹಾಲು ಡೈರಿಗೆ ಹೋಗುತ್ತದೆ, ಮನೆಯ ಮಕ್ಕಳ ಲೋಟಕ್ಕೂ ಹೋಗುತ್ತದೆ. ಆದ್ದರಿಂದ ಹುಳು ಎಷ್ಟು ಸತ್ತಿತು, ಮೇವು ಎಷ್ಟು ಉಳಿಯಿತು, ಹೊಡೆದ ದಿನಕ್ಕೂ ಕೊಯ್ದ ದಿನಕ್ಕೂ ಎಷ್ಟು ಅಂತರ ಸಿಕ್ಕಿತು ಎಂಬ ಮೂರಕ್ಕೂ ಉತ್ತರ ಕೊಡುವ ಪರೀಕ್ಷೆಯನ್ನೇ ಮಾಡಬೇಕು. ಮೇವಿಗಾಗಿ ಬಿತ್ತಿದ ಆಫ್ರಿಕನ್ ಟಾಲ್ ಮುಸುಕಿನ ಜೋಳವನ್ನೂ ಅದರ ಸೈನಿಕ ಹುಳುವನ್ನೂ ಉದಾಹರಣೆಗೆ ಇಟ್ಟುಕೊಂಡು ಕ್ರಮವನ್ನು ಹೇಳುತ್ತೇವೆ. ಬೇರೆ ಮೇವಿನ ಬೆಳೆಗಳಲ್ಲಿ ಏನು ಬದಲಾಗುತ್ತದೆ ಎಂಬುದು ಕೊನೆಯ ಕಡೆಗೆ ಇದೆ.

1. ಹುಳು ಯಾವುದು ಎಂದು ಖಚಿತ ಮಾಡಿಕೊಳ್ಳಿ

ಬೆಳಿಗ್ಗೆ ಎಂಟರೊಳಗೆ ಹೊಲಕ್ಕೆ ಹೋಗಿ ಒಂದು ಗಿಡದ ಸುಳಿ ಬಿಡಿಸಿ. ಎಲೆಯ ಮೇಲೆ ಹಸಿರು ಕೆರೆದು ಹೋಗಿ ಬಿಳಿ ಪೊರೆಯಷ್ಟೇ ಉಳಿದ ಕಿಟಕಿಯಂಥ ಗುರುತುಗಳಿದ್ದರೆ ಹುಳು ಇನ್ನೂ ಚಿಕ್ಕದು. ಎಲೆ ಹರಿದು ತೂತಾಗಿ, ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ್ದರೆ ಹುಳು ಬಲಿತಿದೆ. ಹುಳುವನ್ನು ಅಂಗೈ ಮೇಲೆ ಹಾಕಿಕೊಂಡು ತಲೆ ನೋಡಿ: ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದ ಬಿಳಿ ಗೆರೆ ಇರುತ್ತದೆ. ಬಾಲದ ತುದಿಗೆ ಸ್ವಲ್ಪ ಮೊದಲು ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಎರಡೂ ಇದ್ದರೆ ಅದು ಫಾಲ್ ಸೈನಿಕ ಹುಳು. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಗುರುತಾಗಿ ನಮ್ಮ ಜಿಲ್ಲೆಗಳಿಗೆಲ್ಲ ಹರಡಿದ ಹುಳು ಇದೇ.

ಗುರುತು ಏಕೆ ಇಷ್ಟು ಮುಖ್ಯ? ಕಾಂಡ ಕೊರಕ ಕಾಂಡದೊಳಗೆ ಹೋದ ಮೇಲೆ ಮೇಲಿಂದ ಹೊಡೆದ ಔಷಧಿ ಅದಕ್ಕೆ ತಾಗುವುದೇ ಇಲ್ಲ. ಸುಳಿ ಒಣಗಿದ ಗಿಡವನ್ನೆಲ್ಲ ಸೈನಿಕ ಹುಳುವಿನ ಲೆಕ್ಕಕ್ಕೆ ಸೇರಿಸಿದರೆ ಒಳ್ಳೆಯ ಔಷಧಿಯೂ ಸೋತಂತೆ ಕಾಣುತ್ತದೆ. ಗುರುತು ಸಿಗದಿದ್ದರೆ ನಾಲ್ಕೈದು ಹುಳುಗಳನ್ನು ಎಲೆ ಸಮೇತ ಡಬ್ಬಿಗೆ ಹಾಕಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾರೆಕೆರೆಯ ಕೃಷಿ ಕಾಲೇಜಿಗೋ ಒಯ್ಯಿರಿ. ಚಿಕ್ಕಮಗಳೂರಿನವರಿಗೆ ಮೂಡಿಗೆರೆ ಇದೆ.

2. ಯಾವುದನ್ನು ಪರೀಕ್ಷಿಸಬಹುದು, ಯಾವುದನ್ನು ಕೂಡದು

ರೈತರ ಹೊಲದಲ್ಲಿ ನೋಂದಣಿಯಾದ ಔಷಧಿಯನ್ನು ಮಾತ್ರ, ಲೇಬಲ್ಲಿನಲ್ಲಿ ಬರೆದ ಪ್ರಮಾಣದಲ್ಲಿ ಮಾತ್ರ ಹೋಲಿಸಿ ನೋಡಬೇಕು. 1968ರ ಕೀಟನಾಶಕ ಕಾಯಿದೆಯ ಪ್ರಕಾರ ಪ್ರತಿ ಔಷಧಿಗೂ ಯಾವ ಬೆಳೆ, ಯಾವ ಕೀಟ, ಎಷ್ಟು ಪ್ರಮಾಣ ಎಂಬುದು ನಿಗದಿಯಾಗಿ ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಇರುತ್ತದೆ. ಹೆಸರಿಲ್ಲದ ಸೀಸೆ, ಬಿಲ್ಲಿಲ್ಲದ ಪೊಟ್ಟಣ, ಬೇರೆ ಬೆಳೆಗೆ ತಂದು ಉಳಿದ ಔಷಧಿ ಈ ಪರೀಕ್ಷೆಗೆ ಬೇಡ. ಡಬ್ಬಿಯ ಮೇಲಿನ ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ ಮೂರನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಔಷಧಿಯ ಗುಣಮಟ್ಟದ ಬಗ್ಗೆ ದೂರು ಕೊಡಬೇಕಾಗಿ ಬಂದರೆ ಕೃಷಿ ಇಲಾಖೆಯವರು ಮೊದಲು ಕೇಳುವುದು ಇವನ್ನೇ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನೂ ನೋಡಿ. ಕೆಂಪು ಅತಿ ಹೆಚ್ಚು ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಮೇವಿನ ಹೊಲಕ್ಕೆ ಕೆಂಪು ತ್ರಿಕೋನದ ಡಬ್ಬಿ ತರಲೇಬೇಡಿ ಎಂದು ನೇರವಾಗಿ ಹೇಳುತ್ತೇವೆ. ಹಳೆಯ ಅಭ್ಯಾಸದಿಂದ ಸುಳಿಗೆ ಫೋರೇಟ್ ಹರಳು ಹಾಕುವವರು ಇನ್ನೂ ಇದ್ದರೆ ತಿಳಿದಿರಲಿ: 2020ರ ಡಿಸೆಂಬರ್ 31ರಿಂದ ಅದರ ಮಾರಾಟ, ಬಳಕೆ ಎರಡೂ ನಿಷೇಧ. ತೌಡು ಬೆಲ್ಲಕ್ಕೆ ವಿಷ ಬೆರೆಸಿ ಸುಳಿಗೆ ಇಡುವ ಪದ್ಧತಿ ಕಾಳಿನ ಜೋಳದಲ್ಲಿ ಇದೆ. ಮೇವಿನ ಜೋಳದಲ್ಲಿ ಅದನ್ನು ಪರೀಕ್ಷೆಗೂ ಇಡಬೇಡಿ. ಬೆಲ್ಲದ ವಾಸನೆಗೆ ಮೇಕೆ ಮೊದಲು ಬರುತ್ತದೆ, ಆಮೇಲೆ ಹಸು.

ಆಫ್ರಿಕನ್ ಟಾಲ್‌ನಲ್ಲಿ ಸೈನಿಕ ಹುಳುವಿಗೆ ಈ ಐದನ್ನು ಹೋಲಿಸುವುದು ಸೂಕ್ತ:

ಅ. ಬರೀ ನೀರು. ಇದೇ ಹೊಡೆಯದ ತಾಕು.
ಆ. ಬೇವಿನ ಔಷಧಿ, ಅಜಾಡಿರಾಕ್ಟಿನ್ 1500 ಪಿಪಿಎಂ, ಲೀಟರಿಗೆ 5 ಮಿ.ಲೀ.
ಇ. ಬಿ.ಟಿ. ಪುಡಿ (ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ), ಕುರ್ಸ್ಟಾಕಿ ತಳಿ, ಲೀಟರಿಗೆ 2 ಗ್ರಾಂ.
ಈ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್.ಜಿ. (ನೀರಿನಲ್ಲಿ ಕರಗುವ ಹರಳು), ಲೀಟರಿಗೆ 0.4 ಗ್ರಾಂ.
ಉ. ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್.ಸಿ. (ದ್ರವ ರೂಪ), ಲೀಟರಿಗೆ 0.4 ಮಿ.ಲೀ.

ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಔಷಧಿಗಳು ಎಂಬುದನ್ನು ಗಮನಿಸಿ. ಮೂರು ಕಂಪನಿಯ ಮೂರು ಹೆಸರಿನ ಡಬ್ಬಿ ತಂದು, ಒಳಗಿರುವುದು ಒಂದೇ ಔಷಧಿಯಾದರೆ ನೀವು ಪರೀಕ್ಷಿಸಿದ್ದು ಡಬ್ಬಿಯ ಬಣ್ಣವನ್ನು ಅಷ್ಟೇ. ದೊಡ್ಡ ಅಕ್ಷರದ ವ್ಯಾಪಾರಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಓದಿ. ಮೇವಿಗೆ ಬಳಸಬಹುದೇ ಎಂಬುದನ್ನು ಅದೇ ಚೀಟಿಯಲ್ಲಿ ಹುಡುಕಿ, ಇಲ್ಲದಿದ್ದರೆ ತಜ್ಞರನ್ನು ಕೇಳಿಯೇ ಮುಂದುವರಿಯಿರಿ.

3. ತಾಕು ಹಾಕುವುದು

ಒಂದು ತಾಕು 5 ಮೀಟರ್ ಉದ್ದ, 4 ಮೀಟರ್ ಅಗಲ ಇರಲಿ. ಸಾಲಿನಿಂದ ಸಾಲಿಗೆ 30 ಸೆಂ.ಮೀ. ಆದರೆ ತಾಕಿಗೆ 13 ಸಾಲು ಬರುತ್ತವೆ. ಐದು ಉಪಚಾರ (ಮೇಲೆ ಹೇಳಿದ ಅ ಇಂದ ಉ ವರೆಗಿನವು), ಒಂದೊಂದಕ್ಕೂ ನಾಲ್ಕು ತಾಕು, ಒಟ್ಟು 20. ಪಕ್ಕಪಕ್ಕದ ಐದು ತಾಕು ಸೇರಿ ಒಂದು ಪಟ್ಟೆ, ಅಂಥ ನಾಲ್ಕು ಪಟ್ಟೆ. ನಡುವೆ ಎಲ್ಲ ಕಡೆ 1 ಮೀಟರ್ ಓಡಾಟದ ಜಾಗ ಬಿಟ್ಟರೆ 24 ಮೀಟರ್‌ಗೆ 23 ಮೀಟರ್ ಬೇಕು, ಅಂದರೆ ಸುಮಾರು ಐದೂವರೆ ಗುಂಟೆ.

ಪಟ್ಟೆ ಯಾವ ದಿಕ್ಕಿಗೆ ಹಾಕಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಲದ ಒಂದು ಬದಿ ನಾಲೆಗೆ ಹತ್ತಿರ, ಇನ್ನೊಂದು ಬದಿ ದಿಬ್ಬ ಎಂದಿಟ್ಟುಕೊಳ್ಳಿ. ನಾಲೆಯ ಬದಿಯ ಜೋಳ ಯಾವಾಗಲೂ ಎತ್ತರ ಬರುತ್ತದೆ. ಹಾಗಾಗಿ ಮೊದಲ ಪಟ್ಟೆಯ ಐದೂ ತಾಕು ನಾಲೆಯಿಂದ ಒಂದೇ ದೂರದಲ್ಲಿರಬೇಕು, ಎರಡನೆಯ ಪಟ್ಟೆ ಅದರ ಮೇಲೆ, ನಾಲ್ಕನೆಯದು ದಿಬ್ಬದಲ್ಲಿ. ಆಗ ಒಂದು ಪಟ್ಟೆಯೊಳಗೆ ಐದಕ್ಕೂ ಒಂದೇ ಮಣ್ಣು, ಒಂದೇ ತೇವ. ಇಳಿಜಾರಿನ ಉದ್ದಕ್ಕೆ ಪಟ್ಟೆ ಎಳೆದರೆ ಕೆಳಗಿನ ತಾಕಿಗೆ ಬಿದ್ದ ಔಷಧಿಯೇ ಗೆದ್ದಂತೆ ಕಾಣುತ್ತದೆ. ಮರದ ನೆರಳು, ತಿಪ್ಪೆ, ರಾತ್ರಿ ಉರಿಯುವ ಲೈಟ್ ಕಂಬ ಇವುಗಳಿಂದ ದೂರವಿರಿ. ಲೈಟಿಗೆ ಚಿಟ್ಟೆ ಬರುತ್ತದೆ, ಹತ್ತಿರದ ಗಿಡಗಳಲ್ಲಿ ಮೊಟ್ಟೆ ಹೆಚ್ಚು ಇಡುತ್ತದೆ.

ಯಾವ ತಾಕಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಐದು ಚೀಟಿ ಬರೆದು, ಮೊದಲ ಪಟ್ಟೆಗೆ ಎತ್ತಿ, ಮತ್ತೆ ಮಡಚಿ ಎರಡನೆಯ ಪಟ್ಟೆಗೆ ಎತ್ತಿ. ಕಣ್ಣಿಗೆ ಚೆನ್ನಾಗಿ ಕಂಡ ತಾಕನ್ನು ದುಬಾರಿ ಔಷಧಿಗೆ ಕೊಡುವ ಆಸೆ ಎಲ್ಲರಿಗೂ ಬರುತ್ತದೆ, ಚೀಟಿ ಇರುವುದು ಅದನ್ನು ತಡೆಯಲು. ಗೂಟಕ್ಕೆ 1ರಿಂದ 20ರವರೆಗೆ ನಂಬರು ಮಾತ್ರ ಬರೆಯಿರಿ, ಔಷಧಿಯ ಹೆಸರು ಪುಸ್ತಕದಲ್ಲಿರಲಿ. ಹುಳು ಎಣಿಸುವವರಿಗೆ ಯಾವ ತಾಕಿನಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಎಣಿಕೆ ಪ್ರಾಮಾಣಿಕವಾಗಿ ಬರುತ್ತದೆ.

4. ಪಂಪು ತೊಳೆಯುವುದು, ಅಳೆಯುವುದು

ಕಳೆನಾಶಕ ಹೊಡೆದ ಪಂಪನ್ನು ಇದಕ್ಕೆ ತರಬೇಡಿ. ಬೇರೆ ಇಲ್ಲವೆಂದರೆ ವಾಷಿಂಗ್ ಸೋಡ ಹಾಕಿದ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಪೈಪು ನಾಝಲ್ ಸಮೇತ ಮೂರು ಸಲ ತೊಳೆಯಿರಿ. 2,4-ಡಿ ಎಂಬ ಕಳೆನಾಶಕ ಒಂದಿಷ್ಟು ಉಳಿದಿದ್ದರೂ ಜೋಳದ ನಡುವಿನ ಅಲಸಂದೆ ಮುದುಡಿಕೊಳ್ಳುತ್ತದೆ, ಆಮೇಲೆ ತಪ್ಪು ಕೀಟನಾಶಕದ ತಲೆಗೆ ಬರುತ್ತದೆ. ಕೀಟನಾಶಕಕ್ಕೆ ಹನಿಯನ್ನು ಟೊಳ್ಳು ಶಂಕುವಿನಂತೆ ಚಿಮ್ಮಿಸುವ ಹಾಲೋ ಕೋನ್ ನಾಝಲ್ ಬಳಸಿ. ಕಳೆನಾಶಕದ ಚಪ್ಪಟೆ ನಾಝಲ್‌ನಲ್ಲಿ ಹನಿ ಸುಳಿಯೊಳಗೆ ಸರಿಯಾಗಿ ಇಳಿಯುವುದಿಲ್ಲ.

ಈಗ ಅಳತೆ. ಹೆಕ್ಟೇರಿಗೆ 500 ಲೀಟರ್ ನೀರು ಎಂದಿಟ್ಟುಕೊಂಡರೆ 20 ಚದರ ಮೀಟರಿನ ತಾಕಿಗೆ ಸರಿಯಾಗಿ 1 ಲೀಟರ್ ಬೀಳಬೇಕು. ಪಂಪಿಗೆ ಬರೀ ನೀರು ತುಂಬಿ, ಒಂದೇ ಹದದಲ್ಲಿ ಒತ್ತುತ್ತ, ನಾಝಲನ್ನು ಬಕೆಟ್ಟಿನೊಳಗೆ ಹಿಡಿದು ಒಂದು ನಿಮಿಷ ಬಿಡಿ. ಬಿದ್ದ ನೀರನ್ನು ಅಳೆಯಿರಿ. ನಿಮಿಷಕ್ಕೆ 600 ಮಿ.ಲೀ. ಬಂದರೆ 1 ಲೀಟರ್ ಬೀಳಲು 100 ಸೆಕೆಂಡ್ ಬೇಕು. 13 ಸಾಲಿಗೆ ಹಂಚಿದರೆ 5 ಮೀಟರಿನ ಒಂದು ಸಾಲಿಗೆ ಏಳೆಂಟು ಸೆಕೆಂಡ್. ಸಾಮಾನ್ಯವಾಗಿ ನಾವು ಹೊಲದಲ್ಲಿ ನಡೆಯುವ ವೇಗಕ್ಕಿಂತ ಇದು ನಿಧಾನ. ಅದಕ್ಕೇ ಖಾಲಿ ಜಾಗದಲ್ಲಿ ಬರೀ ನೀರಿನಿಂದ ಎರಡು ಮೂರು ಸಲ ನಡೆದು ಅಭ್ಯಾಸ ಮಾಡಿಕೊಳ್ಳಿ. ಇಪ್ಪತ್ತು ತಾಕಿಗೂ ಒಬ್ಬರೇ ಹೊಡೆಯಬೇಕು. ಬೆಳಿಗ್ಗೆ ಅಪ್ಪ, ಸಂಜೆ ಮಗ ಎಂದು ಕೈ ಬದಲಾದರೆ ಔಷಧಿಯ ಜೊತೆ ಕೈಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ನಾಲ್ಕು ತಾಕಿಗೆ 4 ಲೀಟರ್ ಸಾಕು, ಆದರೆ ಪಂಪಿನ ತಳದಲ್ಲೂ ಪೈಪಿನಲ್ಲೂ ಸ್ವಲ್ಪ ಉಳಿಯುವುದರಿಂದ 5 ಲೀಟರ್ ಕಲಸಿ. ಆಗ ಕ್ಲೋರಾಂಟ್ರಾನಿಲಿಪ್ರೋಲ್ 2 ಮಿ.ಲೀ., ಎಮಾಮೆಕ್ಟಿನ್ 2 ಗ್ರಾಂ, ಬಿ.ಟಿ. 10 ಗ್ರಾಂ, ಬೇವು 25 ಮಿ.ಲೀ. ಮುಚ್ಚಳದಲ್ಲಿ ಅಂದಾಜು ಸುರಿಯಬೇಡಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 5 ಮಿ.ಲೀ. ಸಿರಿಂಜು ಸೂಜಿ ಇಲ್ಲದೆ ತನ್ನಿ, ಈ ಕೆಲಸಕ್ಕೇ ಮೀಸಲಿಡಿ. 2 ಗ್ರಾಂ ತೂಗಲು ಕಿರಾಣಿ ತಕ್ಕಡಿ ಆಗುವುದಿಲ್ಲ, ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಈ ಒಂದು ಕಡೆ ಉದಾಸೀನ ಮಾಡಿದರೆ ಉಳಿದ ಶ್ರಮವೆಲ್ಲ ನೀರುಪಾಲು: 2 ಮಿ.ಲೀ. ಬದಲು 4 ಬಿದ್ದರೆ ಪ್ರಮಾಣ ಇಮ್ಮಡಿಯಾಯಿತು, ಆ ಮೇವು ಹಸುವಿಗೂ ಹಾಕುವಂತಿಲ್ಲ.

ಅಂಟು ದ್ರಾವಣ ಬೆರೆಸುವುದಾದರೆ ಬರೀ ನೀರಿನ ತಾಕಿಗೂ ಸೇರಿ ಐದಕ್ಕೂ ಒಂದೇ ಪ್ರಮಾಣದಲ್ಲಿ ಬೆರೆಸಿ. ನೀರು ತಿಳಿಯಾಗಿರಲಿ. ಕೆರೆಯ ಕೆಸರು ನೀರಿನಲ್ಲಿ ಔಷಧಿ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ, ನಾಝಲ್ಲೂ ಕಟ್ಟುತ್ತದೆ. ಅರಸೀಕೆರೆ, ಕಡೂರು ಕಡೆಯ ಕೆಲವು ಬೋರ್‌ವೆಲ್ ನೀರು ಗಡಸು, ಕ್ಷಾರ ಹೆಚ್ಚು. ಅಂಥ ನೀರಿನಲ್ಲಿ ಬೇವಿನ ಔಷಧಿ ಕಲಸಿಟ್ಟರೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕಲಸಿದ ಕೂಡಲೆ ಹೊಡೆಯಿರಿ.

5. ಹೊಡೆಯುವ ಹಿಂದಿನ ದಿನದ ಎಣಿಕೆ

ಬಿತ್ತಿದ 15ನೆಯ ದಿನದಿಂದ ಮೂರು ದಿನಕ್ಕೊಮ್ಮೆ ಹೊಲ ನೋಡಿ. ಎಳೆಯ ಪೈರಿನಲ್ಲಿ ನೂರಕ್ಕೆ 5 ಗಿಡ, ಸುಳಿ ಚೆನ್ನಾಗಿ ಕಟ್ಟಿದ ಮೇಲೆ ನೂರಕ್ಕೆ 10 ಗಿಡ ಹಾನಿಯಾಗಿದ್ದರೆ ಪರೀಕ್ಷೆ ಶುರು ಮಾಡಬಹುದು. ಹುಳುವೇ ಇಲ್ಲದ ಹೊಲದಲ್ಲಿ ಹೊಡೆದರೆ ಎಲ್ಲ ಔಷಧಿಯೂ ಒಂದೇ ಥರ ಕಾಣುತ್ತದೆ.

ಪ್ರತಿ ತಾಕಿನ ಎರಡೂ ಅಂಚಿನ ಎರಡೆರಡು ಸಾಲು ಬಿಟ್ಟು, ಒಳಗಿನ 9 ಸಾಲಿನಿಂದ 10 ಗಿಡ ಆರಿಸಿ ಬಣ್ಣದ ದಾರ ಕಟ್ಟಿ. ಮುಂದೆ ಎಣಿಸುವುದೆಲ್ಲ ಈ ಗಿಡಗಳಲ್ಲೇ. ಅಂಚಿನ ಸಾಲು ಏಕೆ ಬಿಡಬೇಕೆಂದರೆ ಪಕ್ಕದ ತಾಕಿನ ತುಂತುರು ಅಲ್ಲಿಗೆ ಬಿದ್ದಿರುತ್ತದೆ. ಸುಳಿಯನ್ನು ಹರಿಯದೆ ಮೆಲ್ಲಗೆ ಬಿಡಿಸಿ ಜೀವಂತ ಹುಳು ಎಣಿಸಿ, ಚಿಕ್ಕದು ದೊಡ್ಡದು ಬೇರೆ ಬೇರೆ ಬರೆಯಿರಿ. ಸೈನಿಕ ಹುಳುವಿನ ಬೆಳವಣಿಗೆಯಲ್ಲಿ ಆರು ಹಂತ. ಮೊದಲ ಮೂರು ಹಂತದಲ್ಲಿ ಔಷಧಿ ಸುಲಭವಾಗಿ ತಾಗುತ್ತದೆ. ಆಮೇಲೆ ಹುಳು ತನ್ನ ಹಿಕ್ಕೆಯಿಂದಲೇ ಸುಳಿಗೆ ಬಿರಡೆ ಹಾಕಿಕೊಂಡು ಒಳಗೆ ಕೂರುತ್ತದೆ. ಮುಕ್ಕಾಲು ಪಾಲು ಹುಳು ಬಲಿತಿರುವ ಹೊಲದಲ್ಲಿ ಹೊಡೆದು ಔಷಧಿ ಸರಿಯಿಲ್ಲ ಎನ್ನುವುದು ಔಷಧಿಗೆ ಮಾಡುವ ಅನ್ಯಾಯ.

ಹುಳುವಿನ ಜೊತೆ ಗುಲಗಂಜಿ ಹುಳು, ಜೇಡ, ಬಾಲದಲ್ಲಿ ಇಕ್ಕಳವಿರುವ ಇಯರ್‌ವಿಗ್ ಇವನ್ನೂ ಎಣಿಸಿ. ಹುಳುವನ್ನೂ ಅದನ್ನು ತಿನ್ನುವವನ್ನೂ ಒಟ್ಟಿಗೆ ಕೊಂದ ಔಷಧಿ ಮೊದಲ ವಾರ ಗೆದ್ದು ಮೂರನೆಯ ವಾರ ಸೋಲುತ್ತದೆ.

6. ಹೊಡೆಯುವ ದಿನ

ಸಂಜೆ ನಾಲ್ಕರ ಮೇಲೆ ಹೊಡೆಯಿರಿ. ಬಿಸಿಲು ಇಳಿದಿರುತ್ತದೆ, ಜೇನಿನ ಓಡಾಟ ಕಡಿಮೆಯಾಗುತ್ತಿರುತ್ತದೆ, ಹುಳು ಮೇಲೆ ಬರುವ ಹೊತ್ತು. ಬೇವು, ಬಿ.ಟಿ. ಎರಡೂ ಬಿಸಿಲಿಗೆ ಬೇಗ ಕೆಡುತ್ತವೆ. ನಡುಮಧ್ಯಾಹ್ನ ಹೊಡೆದರೆ ಅವೆರಡು ಪರೀಕ್ಷೆಗೆ ಮೊದಲೇ ಸೋತಿರುತ್ತವೆ.

ಕ್ರಮ ಹೀಗೆ: ಮೊದಲು ಬರೀ ನೀರಿನ ನಾಲ್ಕು ತಾಕು, ಆಮೇಲೆ ಬಿ.ಟಿ., ಬೇವು, ಎಮಾಮೆಕ್ಟಿನ್, ಕೊನೆಗೆ ಕ್ಲೋರಾಂಟ್ರಾನಿಲಿಪ್ರೋಲ್. ಪ್ರತಿಯೊಂದರ ನಡುವೆ ಪಂಪನ್ನು ಮೂರು ಸಲ ತೊಳೆಯಿರಿ. ನಾಝಲನ್ನು ಎಲೆಯ ಮೇಲೆ ಆಡಿಸದೆ ಸುಳಿಯ ಬಾಯಿಗೆ ತೋರಿಸಿ. ಆಷಾಢದ ಗಾಳಿಯಲ್ಲಿ ಒಂದು ಮೀಟರ್ ಜಾಗ ಏನೇನೂ ಸಾಲದು. ಇಬ್ಬರು ಎರಡು ಕೋಲಿಗೆ ಟಾರ್ಪಾಲು ಕಟ್ಟಿ ಗಾಳಿ ಹೋಗುವ ಬದಿಗೆ ಅಡ್ಡ ಹಿಡಿದು ತಾಕಿನ ಜೊತೆ ಸಾಗಬೇಕು. ಎಲೆ ಪಟಪಟ ಬಡಿಯುವಷ್ಟು ಗಾಳಿ ಇದ್ದರೆ ಆ ದಿನ ಬಿಟ್ಟುಬಿಡಿ.

ಒಂದೊಂದು ಔಷಧಿ ಮುಗಿದ ಮೇಲೆ ಪಂಪಿನಲ್ಲಿ ಉಳಿದದ್ದನ್ನು ಅಳೆಯಿರಿ. 5 ಲೀಟರಿನಲ್ಲಿ ಸುಮಾರು 1 ಲೀಟರ್ ಉಳಿಯಬೇಕು. 2 ಲೀಟರ್ ಉಳಿದಿದ್ದರೆ ನಡಿಗೆ ಜೋರಾಯಿತು, ಹುಳುವಿಗೆ ಮುಕ್ಕಾಲು ಪ್ರಮಾಣವಷ್ಟೇ ಸಿಕ್ಕಿತು ಎಂದರ್ಥ. ಅದನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆಯಿರಿ. ಉಳಿದ ದ್ರಾವಣವನ್ನು ಮೇವಿಗೆ ಬಳಸದ, ಹೊರ ಅಂಚಿನ ಜೋಳದ ಸಾಲಿಗೆ ಹೊಡೆದು ಮುಗಿಸಿ. ನಾಲೆಗೆ, ಕಟ್ಟೆಗೆ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಚೆಲ್ಲಬೇಡಿ.

ಕೈಗವಸು, ಮಾಸ್ಕು, ಪೂರ್ತಿ ತೋಳಿನ ಅಂಗಿ, ಬೂಟು ಬೇಕೇ ಬೇಕು. ಹೊಡೆಯುವಾಗ ಎಲೆಅಡಿಕೆ, ಬೀಡಿ ಬೇಡ. ತಲೆಸುತ್ತು, ಜೊಲ್ಲು, ಕಣ್ಣು ಮಂಜಾಗುವುದು, ಕೈ ನಡುಕ ಕಂಡರೆ ಬಟ್ಟೆ ಬಿಚ್ಚಿ ಸೋಪಿನಿಂದ ಮೈ ತೊಳೆದು, ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ. ಡಾಕ್ಟರು ಪ್ರತಿವಿಷ ಯಾವುದೆಂದು ತೀರ್ಮಾನಿಸಲು ಆ ಲೇಬಲ್ ಬೇಕು.

ರಾತ್ರಿ ಮಳೆ ಬಂದರೆ? ಹೊಡೆದು ಒಂದೆರಡು ಗಂಟೆಯೊಳಗೆ ಜೋರು ಮಳೆಯಾದರೆ ಆ ಪರೀಕ್ಷೆಯನ್ನು ಅಲ್ಲಿಗೇ ಕೈಬಿಡುವುದು ಒಳ್ಳೆಯದು. ಮತ್ತೆ ಮರುದಿನ ಹೊಡೆದರೆ ಎಲೆಯಲ್ಲಿ ಔಷಧಿ ಎಷ್ಟು ಸೇರಿತು ಎಂದು ಯಾರಿಗೂ ತಿಳಿಯುವುದಿಲ್ಲ. ಆಲೂರು, ಸಕಲೇಶಪುರದ ಜಡಿಮಳೆಯಲ್ಲಿ ಈ ತೊಂದರೆ ಹೆಚ್ಚು. ಅಲ್ಲಿ ಬೇಸಿಗೆಯ ನೀರಾವರಿ ಮೇವಿನಲ್ಲಿ ಪರೀಕ್ಷೆ ಇಟ್ಟುಕೊಂಡರೆ ಫಲಿತಾಂಶ ನಂಬುವಂತಿರುತ್ತದೆ. ಚನ್ನರಾಯಪಟ್ಟಣ, ಅರಸೀಕೆರೆಯವರು ಮುಂಗಾರಿನಲ್ಲೇ ಮಾಡಬಹುದು. ನೇರ ಗೋಡೆಯ ಡಬ್ಬವೊಂದನ್ನು ಬಯಲಲ್ಲಿಟ್ಟು, ನಿಂತ ನೀರನ್ನು ಸ್ಕೇಲಿನಿಂದ ಅಳೆದು ದಿನವೂ ಮಿ.ಮೀ. ಲೆಕ್ಕದಲ್ಲಿ ಬರೆಯಿರಿ.

7. ಆಮೇಲಿನ ಎಣಿಕೆ ಮತ್ತು ಲೆಕ್ಕ

ಹೊಡೆದ 1, 3, 7, 14ನೆಯ ದಿನ ಅದೇ ದಾರ ಕಟ್ಟಿದ ಗಿಡಗಳಲ್ಲಿ ಎಣಿಸಿ. ಮರುದಿನವೇ ತೀರ್ಪು ಕೊಡಬೇಡಿ. ಕ್ಲೋರಾಂಟ್ರಾನಿಲಿಪ್ರೋಲ್ ತಿಂದ ಹುಳು ಬೇಗ ಮೇಯುವುದನ್ನು ನಿಲ್ಲಿಸುತ್ತದೆ, ಸಾಯಲು ಒಂದೆರಡು ದಿನ ತೆಗೆದುಕೊಳ್ಳಬಹುದು. ಬಿ.ಟಿ.ಗೆ ಇನ್ನೂ ಹೆಚ್ಚು ದಿನ. ಈ ಐದರ ಜೊತೆ ಹುಳು ಕೊಲ್ಲುವ ಮೆಟರೈಜಿಯಂನಂಥ ಶಿಲೀಂಧ್ರವನ್ನೂ ಇಟ್ಟಿದ್ದರೆ 7 ಮತ್ತು 14ನೆಯ ದಿನದ ಎಣಿಕೆಯೇ ಮುಖ್ಯ. ಒಂದನೆಯ ದಿನ ನೋಡಿ ಜೈವಿಕ ಔಷಧಿ ಕೆಲಸಕ್ಕೆ ಬಾರದು ಎನ್ನುವ ಮಾತು ಹುಟ್ಟುವುದು ಈ ಅವಸರದಿಂದಲೇ. ಹುಳು ಅಲುಗಾಡುತ್ತಿದೆಯೇ ಎಂಬುದರ ಜೊತೆ ಸುಳಿಯಲ್ಲಿ ಹೊಸ, ಹಸಿ ಹಿಕ್ಕೆ ಇದೆಯೇ ನೋಡಿ. ಹಿಕ್ಕೆ ಒಣಗಿದ್ದರೆ ಮೇಯುವುದು ನಿಂತಿದೆ.

ಲೆಕ್ಕಕ್ಕೆ ಹೆಂಡರ್ಸನ್ ಮತ್ತು ಟಿಲ್ಟನ್ ಎಂಬುವರು 1955ರಲ್ಲಿ ಕೊಟ್ಟ ಸೂತ್ರ ಬಳಸುತ್ತಾರೆ. ಹೊಡೆದ ತಾಕಿನ ನಂತರದ ಎಣಿಕೆಯನ್ನು ಹೊಡೆಯದ ತಾಕಿನ ಮೊದಲಿನ ಎಣಿಕೆಯಿಂದ ಗುಣಿಸಿ. ಹೊಡೆದ ತಾಕಿನ ಮೊದಲಿನ ಎಣಿಕೆಯನ್ನು ಹೊಡೆಯದ ತಾಕಿನ ನಂತರದ ಎಣಿಕೆಯಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು 1ರಿಂದ ಕಳೆದು, 100ರಿಂದ ಗುಣಿಸಿ.

ಅಂಕಿ ಇಟ್ಟು ನೋಡೋಣ. ನಾಲ್ಕು ತಾಕಿನ 40 ಗಿಡಗಳಲ್ಲಿ ಹೊಡೆಯದ ಕಡೆ ಮೊದಲು 24 ಹುಳು, ಏಳನೆಯ ದಿನ 30. ಹೊಡೆದ ಕಡೆ ಮೊದಲು 20, ಏಳನೆಯ ದಿನ 5. ಐದನ್ನು 24ರಿಂದ ಗುಣಿಸಿದರೆ 120, ಇಪ್ಪತ್ತನ್ನು 30ರಿಂದ ಗುಣಿಸಿದರೆ 600. ಭಾಗಿಸಿದರೆ 0.2. ಔಷಧಿಯ ಫಲ ಶೇ. 80. ಈಗ ಅದೇ ವಾರ ಮಳೆ ಬಂದು ಹೊಡೆಯದ ಕಡೆಯೂ ಹುಳು 24ರಿಂದ 12ಕ್ಕೆ ಇಳಿಯಿತು ಎಂದುಕೊಳ್ಳಿ. ಹೊಡೆದ ಕಡೆ ಅದೇ 20, ಅದೇ 5. 120ನ್ನು 240ರಿಂದ ಭಾಗಿಸಿದರೆ 0.5, ಫಲ ಬರೀ ಶೇ. 50. ಹೊಡೆದ ಹೊಲ ಮಾತ್ರ ನೋಡಿದವರು ಎರಡೂ ಸಲ 20ಕ್ಕೆ 15 ಸತ್ತಿತು, ಶೇ. 75 ಎಂದೇ ಹೇಳುತ್ತಿದ್ದರು. ನೀರು ಹೊಡೆದ ನಾಲ್ಕು ತಾಕು ಕೊಡುವ ಲಾಭ ಇದು.

ಈ ಲೆಕ್ಕವನ್ನು ನಾಲ್ಕೂ ಪಟ್ಟೆಗೆ ಬೇರೆ ಬೇರೆ ಮಾಡಿ. ಒಂದು ಔಷಧಿ ನಾಲ್ಕೂ ಪಟ್ಟೆಯಲ್ಲಿ ಮುಂದಿದ್ದರೆ ನಂಬಬಹುದು. ಎರಡರಲ್ಲಿ ಮುಂದೆ, ಎರಡರಲ್ಲಿ ಹಿಂದೆ ಇದ್ದರೆ ವ್ಯತ್ಯಾಸ ಇದೆ ಎನ್ನಲು ಬಾರದು, ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ. ಅಂಕಿಅಂಶದ ಪೂರ್ಣ ವಿಶ್ಲೇಷಣೆಗೆ ಪುಸ್ತಕವನ್ನು ಕೃಷಿ ಕಾಲೇಜಿನವರಿಗೆ ತೋರಿಸಿ.

8. ಅನುಮಾನ ಬಂದರೆ ಡಬ್ಬಿಯಲ್ಲಿ ಪರೀಕ್ಷೆ

ಹೊಲದಲ್ಲಿ ಔಷಧಿ ಸೋತರೆ ಕಾರಣ ಮೂರರಲ್ಲಿ ಒಂದು: ಹುಳುವಿಗೆ ತಾಗಲಿಲ್ಲ, ಔಷಧಿ ಕಳಪೆ, ಅಥವಾ ಹುಳು ಅದಕ್ಕೆ ಒಗ್ಗಿಹೋಗಿದೆ. ತಾಗಲಿಲ್ಲ ಎಂಬುದನ್ನು ಮೊದಲು ತಳ್ಳಿಹಾಕಲು ಎಲೆ ಅದ್ದುವ ಪರೀಕ್ಷೆ ಮಾಡಿ. ಔಷಧಿ ಹೊಡೆಯದ ಹೊಲದಿಂದ ಒಂದೇ ಗಾತ್ರದ, ಮೂರನೆಯ ಹಂತದ ಹುಳು ತನ್ನಿ. ಒಂದೊಂದು ಔಷಧಿಗೆ 30, ನೀರಿಗೆ 30. ಎಳೆಯ ಎಲೆಯನ್ನು ಎರಡು ಬೆರಳಗಲ ಕತ್ತರಿಸಿ ದ್ರಾವಣದಲ್ಲಿ 10 ಸೆಕೆಂಡ್ ಅದ್ದಿ, ನೆರಳಲ್ಲಿ ನೀರು ಆರುವವರೆಗೆ ಒಣಗಿಸಿ. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಕಾಗದದ ತುಂಡು, ಅದರ ಮೇಲೆ ಎಲೆ, ಅದರ ಮೇಲೆ ಒಂದು ಹುಳು. ಡಬ್ಬಿಗೆ ಒಂದೇ ಹುಳು, ಏಕೆಂದರೆ ಈ ಹುಳು ಜೊತೆಯವನ್ನೇ ತಿನ್ನುತ್ತದೆ, ಆಮೇಲೆ ಸತ್ತದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ.

24, 48, 72 ಗಂಟೆಗೆ ಕುಂಚದಿಂದ ಮುಟ್ಟಿ ನೋಡಿ, ಸರಿಯಾಗಿ ತೆವಳದ ಹುಳುವನ್ನು ಸತ್ತದ್ದೆಂದು ಬರೆಯಿರಿ. ನೀರಿನ ಡಬ್ಬಿಯಲ್ಲೇ ನೂರಕ್ಕೆ 20ಕ್ಕಿಂತ ಹೆಚ್ಚು ಸತ್ತಿದ್ದರೆ ಪರೀಕ್ಷೆ ಕೆಟ್ಟಿದೆ, ಮತ್ತೆ ಮಾಡಿ. ಸ್ವಲ್ಪ ಸತ್ತಿದ್ದರೆ ಅಬಾಟ್ ಸೂತ್ರದಿಂದ ತಿದ್ದಿಕೊಳ್ಳಿ: ನೀರಿನಲ್ಲಿ ಶೇ. 10, ಔಷಧಿಯಲ್ಲಿ ಶೇ. 82 ಸತ್ತಿದ್ದರೆ 82ರಿಂದ 10 ಕಳೆದ 72ನ್ನು, 100ರಿಂದ 10 ಕಳೆದ 90ರಿಂದ ಭಾಗಿಸಿ, ಶೇ. 80. ಡಬ್ಬಿಯಲ್ಲಿ ಹುಳು ಸತ್ತು ಹೊಲದಲ್ಲಿ ಬದುಕಿದ್ದರೆ ನಿಮ್ಮ ಪಂಪು, ಹೊತ್ತು, ನಡಿಗೆ ನೋಡಿಕೊಳ್ಳಿ. ಡಬ್ಬಿಯಲ್ಲೂ ಬದುಕಿದ್ದರೆ ಬೇರೆ ಬ್ಯಾಚಿನ ಅದೇ ಔಷಧಿ ತಂದು ಇನ್ನೊಮ್ಮೆ ಅದ್ದಿ ನೋಡಿ. ಅದಕ್ಕೂ ಸಾಯದಿದ್ದರೆ ಆ ಗುಂಪಿನ ಔಷಧಿಯನ್ನೇ ಆ ಹೊಲದಲ್ಲಿ ನಿಲ್ಲಿಸಬೇಕು.

9. ಬೇರೆ ಮೇವಿನ ಬೆಳೆಗಳಲ್ಲಿ

ಮೇವಿನ ಬಿಳಿಜೋಳದಲ್ಲಿ (ಮುಸುಕಿನ ಜೋಳವಲ್ಲ) ಸುಳಿ ನೊಣದ ಪರೀಕ್ಷೆ ಬೀಜೋಪಚಾರದ ಪರೀಕ್ಷೆಯೇ ಆಗಿರಬೇಕು, ಸುಳಿ ಒಣಗಿದ ಮೇಲೆ ಹೊಡೆದು ಪ್ರಯೋಜನವಿಲ್ಲ. ಮೊಳಕೆ ಬಂದ 14, 21, 28ನೆಯ ದಿನ ಸುಳಿ ಒಣಗಿದ ಗಿಡ ಎಷ್ಟು ಎಂದು ಎಣಿಸಿ. ಇಲ್ಲಿ ಒಂದು ಎಚ್ಚರಿಕೆ: ಸುಳಿ ಸತ್ತ ಗಿಡ ಬುಡದಿಂದ ಹೊಸ ಮರಿ ಒಡೆಯುತ್ತದೆ. ಎಳೆಯ ಬಿಳಿಜೋಳದಲ್ಲಿ ಸಯನೈಡ್ ವಿಷ ಹೆಚ್ಚು. ಅಂಥ ತಾಕಿಗೆ ದನ ಬಿಡಬೇಡಿ, ಹೂ ಬರುವವರೆಗೆ ಕಾಯಿರಿ.

ಅಲಸಂದೆಯಲ್ಲಿ ಕಪ್ಪು ಹೇನು. ತಾಕಿಗೆ 10 ಗಿಡದ ತುದಿಯ 10 ಸೆಂ.ಮೀ. ಚಿಗುರನ್ನು ಬಿಳಿ ಕಾಗದದ ಮೇಲೆ ಕೊಡವಿ ಎಣಿಸಿ. ಜೋಳದ ಜೊತೆ ಅಲಸಂದೆ ಬೆರೆಸಿ ಬಿತ್ತಿದ್ದರೆ ಜೋಳಕ್ಕೆಂದು ಹೊಡೆದದ್ದು ಅಲಸಂದೆಗೂ ಬೀಳುತ್ತದೆ, ಲೇಬಲ್ಲಿನಲ್ಲಿ ಎರಡೂ ಬೆಳೆ ಇರಬೇಕು. ಇಲ್ಲದಿದ್ದರೆ ಆ ಮಿಶ್ರ ಬೆಳೆಯಲ್ಲಿ ಬೇವು, ಬಿ.ಟಿ.ಗಳಷ್ಟನ್ನೇ ಹೋಲಿಸಿ.

ಕುದುರೆ ಮಸಾಲೆ, ನೇಪಿಯರ್‌ನಂಥ ಮತ್ತೆ ಮತ್ತೆ ಕೊಯ್ಯುವ ಮೇವಿನಲ್ಲಿ ನಮ್ಮ ಅಭಿಪ್ರಾಯ ಬೇರೆ. ಕುದುರೆ ಮಸಾಲೆಯನ್ನು 25ರಿಂದ 30 ದಿನಕ್ಕೊಮ್ಮೆ ಕೊಯ್ಯುತ್ತಾರೆ, ಔಷಧಿ ಆರಲು ಸಮಯವೇ ಸಿಗುವುದಿಲ್ಲ. ಅಲ್ಲಿ ಹೊಡೆಯದ ತಾಕಿನ ಪಕ್ಕದಲ್ಲಿ 'ಒಂದು ವಾರ ಮೊದಲೇ ಕೊಯ್ದ ತಾಕು' ಎಂಬುದನ್ನೇ ಒಂದು ಉಪಚಾರವಾಗಿ ಇಟ್ಟು ನೋಡಿ. ಮೊಟ್ಟೆ, ಮರಿ, ಹೇನು ಎಲ್ಲ ಕೊಯ್ಲಿನ ಜೊತೆ ಹೊಲದಿಂದ ಹೊರಗೆ ಹೋಗುತ್ತವೆ, ಹಸುವಿಗೆ ಎಳೆಯ ಮೇವು ಸಿಗುತ್ತದೆ.

10. ಕೊಯ್ಲು, ತೂಕ, ಹಸುವಿನ ಮುಂದೆ ಇಡುವುದು

ಲೇಬಲ್ಲಿನಲ್ಲಿ ಬರೆದ ಕಾಯುವ ಅವಧಿ ಸಾಮಾನ್ಯವಾಗಿ ಕಾಳಿನ ಕೊಯ್ಲಿಗೆ ಲೆಕ್ಕ ಹಾಕಿದ್ದು. ಮೇವಿಗೆ ಅದಕ್ಕಿಂತ ಧಾರಾಳವಾಗಿ ಬಿಡಿ. ಆಫ್ರಿಕನ್ ಟಾಲ್‌ನಲ್ಲಿ ಹೊಡೆಯುವುದನ್ನು ಬಿತ್ತಿದ 30 ದಿನದೊಳಗೆ ಮುಗಿಸಿ 60–65ನೆಯ ದಿನ ಕೊಯ್ದರೆ ಒಂದು ತಿಂಗಳ ಅಂತರ ಸಿಗುತ್ತದೆ. ಆಮೇಲೆ ಹುಳು ಕಂಡರೆ ಹೊಡೆಯಬೇಡಿ, ಬೇಗ ಕೊಯ್ಯಿರಿ. ಸೈಲೇಜ್ (ಗಾಳಿಯಾಡದಂತೆ ಹುದುಗಿಸಿಟ್ಟ ಹಸಿ ಮೇವು) ಮಾಡಿದರೆ ಔಷಧಿ ಹೋಗುತ್ತದೆ ಎಂದು ನಂಬಿ ಅಂತರ ಕಡಿಮೆ ಮಾಡಬೇಡಿ. ಅಳತೆ ತಪ್ಪಿ ಪ್ರಮಾಣ ಹೆಚ್ಚಾದ ತಾಕಿನ ಮೇವನ್ನು ಕೊಟ್ಟಿಗೆಗೆ ತರದೆ ಅಲ್ಲೇ ಮಣ್ಣಿಗೆ ಸೇರಿಸಿ. ಹೊಡೆದ ತಾಕಿಗೆ ಮೇಕೆ, ದನ ನುಗ್ಗದಂತೆ ಬೇಲಿ ಬೇಕು. ನುಗ್ಗಿ ತಿಂದು ಜೊಲ್ಲು, ಭೇದಿ, ನಡುಕ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ, ಅವರಿಗೂ ಲೇಬಲ್ ತೋರಿಸಿ.

ತೂಕಕ್ಕೆ ಅಂಚಿನ ಎರಡೆರಡು ಸಾಲು, ಎರಡೂ ತುದಿಯ ಅರ್ಧರ್ಧ ಮೀಟರ್ ಬಿಟ್ಟು ಒಳಗಿನ 9 ಸಾಲಿನ 4 ಮೀಟರ್ ಉದ್ದ ಕೊಯ್ಯಿರಿ. ಅದು 10.8 ಚದರ ಮೀಟರ್. ಬೆಳಗಿನ ಇಬ್ಬನಿ ಆರಿದ ಮೇಲೆ, ಇಪ್ಪತ್ತೂ ತಾಕನ್ನು ಒಂದೇ ದಿನ ತೂಗಿ. ಬಂದ ಕಿಲೋವನ್ನು 10.8ರಿಂದ ಭಾಗಿಸಿ 4047ರಿಂದ ಗುಣಿಸಿದರೆ ಎಕರೆಯ ಇಳುವರಿ. 40 ಕಿಲೋ ಬಂದರೆ ಎಕರೆಗೆ ಸುಮಾರು 15 ಟನ್.

ನಾಲ್ಕು ಪಟ್ಟೆಗಳಲ್ಲಿ ಹೊಡೆಯದ ತಾಕು 34, 38, 36, 40 ಕಿಲೋ, ಹೊಡೆದದ್ದು 38, 41, 36, 43 ಕಿಲೋ ಬಂದಿತು ಎಂದುಕೊಳ್ಳಿ. ಪಟ್ಟೆಗೆ ಪಟ್ಟೆ ಕಳೆದರೆ ಹೆಚ್ಚಾದದ್ದು 4, 3, 0, 3. ಸರಾಸರಿ ಎರಡೂವರೆ ಕಿಲೋ, ಎಕರೆಗೆ ಸುಮಾರು 940 ಕಿಲೋ ಹಸಿ ಮೇವು. ಎದುರಿಗೆ ಎಕರೆಗೆ 200 ಲೀಟರ್ ದ್ರಾವಣಕ್ಕೆ ಬೇಕಾಗುವ 80 ಮಿ.ಲೀ. ಔಷಧಿಯ ಬೆಲೆ, ಹೊಡೆಯುವ ಆಳಿನ ಕೂಲಿ ಇಡಿ. ನಿಮ್ಮೂರಿನಲ್ಲಿ 940 ಕಿಲೋ ಹಸಿ ಮೇವಿಗೆ ಅಷ್ಟು ಬೆಲೆ ಇಲ್ಲದಿದ್ದರೆ, ಹುಳು ಶೇ. 80 ಸತ್ತಿದ್ದರೂ ಮುಂದಿನ ಬೆಳೆಗೆ ಆ ಔಷಧಿ ತರಬೇಡಿ. ಬೆಲೆ ಮೀರಿದ್ದರೆ ಅದೇ ಪರೀಕ್ಷೆಯನ್ನು ಇನ್ನೊಂದು ಹಂಗಾಮಿನಲ್ಲಿ, ಹೊಲದ ಬೇರೆ ಮೂಲೆಯಲ್ಲಿ, ಹೊಸದಾಗಿ ಚೀಟಿ ಎತ್ತಿ ಮತ್ತೊಮ್ಮೆ ಮಾಡಿ.